ಸುಮ್ಮನಿದ್ದರೆ ಒಪ್ಪಿದಂತೆಯೇ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೇ ಉಸಿರು ಕಟ್ಟಿತು. ಸಾಮಾಜಿಕ ಜಾಲತಾಣ ಬಿಡಲೇ ಬೇಡವೇ, ಮತ ಹಾಕಿ ಏನು ಪ್ರಯೋಜನ, ಅಂಗಾಂಗ ದಾನಕ್ಕೆ ಹೆಸರು ಬರೆಸಿದರೆ ಹೇಗೆ, ಕೃತಕ ಬುದ್ಧಿಮತ್ತೆ ಬಂದ ಮೇಲೂ ನಿನ್ನ ಮಗಳು ಪ್ರಬಂಧ ಬರೆಯುವುದನ್ನು ಕಲಿಯಬೇಕೇ... ಒಂದೇ ಪತ್ರದಲ್ಲಿ ಇಷ್ಟನ್ನೂ ತುರುಕಿ, ಕೊನೆಗೆ ಎಲ್ಲಕ್ಕೂ ಸೇರಿಸಿ ನೀನೇ ಒಂದು ತೀರ್ಪನ್ನೂ ಕೊಟ್ಟುಬಿಟ್ಟಿದ್ದೀಯ: "ಇದೆಲ್ಲ ನಮ್ಮ ಆಯ್ಕೆ ತಾನೇ? ಬೇಡವಾದರೆ ಬೇಡ ಎಂದರಾಯಿತು." ನಿನ್ನ ಪ್ರಶ್ನೆಗಳಿಗಿಂತ ಈ ತೀರ್ಪೇ ನನ್ನನ್ನು ಹೆಚ್ಚು ಕೆಣಕಿತು. ಹಾಗಾಗಿ ಇದನ್ನು ಉತ್ತರ ಎಂದುಕೊಳ್ಳಬೇಡ, ತಕರಾರು ಎಂದುಕೊಂಡೇ ಓದು.

ಹೊಸ ಫೋನು ಕೈಗೆ ಬಂದಾಗ ಅದರೊಳಗೆ ನೂರಾರು ತೀರ್ಮಾನಗಳು ಆಗಲೇ ಆಗಿಹೋಗಿರುತ್ತವೆ. ಯಾವುದರಲ್ಲಿ ಹುಡುಕಬೇಕು, ಯಾರ ನಕ್ಷೆ ನೋಡಿ ದಾರಿ ಹಿಡಿಯಬೇಕು, ನಾನು ಎಲ್ಲಿದ್ದೇನೆ ಎಂಬುದು ಯಾರ ಯಾರಿಗೆ ತಿಳಿಯಬೇಕು, ನಡುರಾತ್ರಿಯಲ್ಲಿ ಯಾವ ಆ್ಯಪ್ ನನ್ನನ್ನು ಎಬ್ಬಿಸಬಹುದು, ಇವೆಲ್ಲವನ್ನೂ ನಾನು ಕಂಡರಿಯದ ಯಾರೋ ಗೊತ್ತುಮಾಡಿಟ್ಟಿರುತ್ತಾರೆ. ನಾನು ಏನೂ ಮಾಡದೆ ಸುಮ್ಮನಿದ್ದರೆ ಏನು ನಡೆಯುತ್ತದೋ ಅದೇ ಡಿಫಾಲ್ಟ್. ಬದಲಾಯಿಸಿಕೊಳ್ಳಬಹುದಲ್ಲ ಎನ್ನುತ್ತೀಯ. ಬದಲಾಯಿಸಬಹುದು, ಯಾರೂ ಕೈ ಹಿಡಿದುಕೊಂಡಿಲ್ಲ. ಆದರೆ ಎಷ್ಟು ಜನ ಬದಲಾಯಿಸುತ್ತಾರೆ ಎಂಬ ಲೆಕ್ಕ ನಮಗಿಂತ ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಎಷ್ಟು ಚೆನ್ನಾಗಿ ಎಂದರೆ, ಐಫೋನಿನ ಸಫಾರಿ ಬ್ರೌಸರಿನಲ್ಲಿ ತಾನೇ ಡಿಫಾಲ್ಟ್ ಹುಡುಕುಯಂತ್ರವಾಗಿ ಉಳಿಯುವುದಕ್ಕೆ ಗೂಗಲ್ 2022ರ ಒಂದೇ ವರ್ಷದಲ್ಲಿ ಆಪಲ್‌ಗೆ ಕೊಟ್ಟ ಹಣ ಸುಮಾರು 2,000 ಕೋಟಿ ಡಾಲರ್. ಇದು ಯಾರೋ ಹಬ್ಬಿಸಿದ ಗುಲ್ಲಲ್ಲ. ಅಮೆರಿಕದ ನ್ಯಾಯ ಇಲಾಖೆ ಗೂಗಲ್ ಮೇಲೆ ಹೂಡಿದ ಮೊಕದ್ದಮೆಯ ದಾಖಲೆಗಳಲ್ಲಿ ಹೊರಬಂದ ಅಂಕಿ. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಹುಡುಕಾಟದ ಕ್ಷೇತ್ರದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ನಮ್ಮ ಸೇವೆ ಚೆನ್ನಾಗಿದೆ, ಅದಕ್ಕೇ ಜನ ಬಳಸುತ್ತಾರೆ ಎಂದು ಗೂಗಲ್ ವಾದಿಸಿತ್ತು. ಸೇವೆ ಚೆನ್ನಾಗಿದೆ ಎಂಬುದನ್ನು ನ್ಯಾಯಾಧೀಶರೂ ಅಲ್ಲಗಳೆಯಲಿಲ್ಲ. ಆದರೆ ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ ಸರಳವಾದದ್ದು. ನಾಲ್ಕು ಬಾರಿ ಬೆರಳೊತ್ತಿದರೆ ಯಾರು ಬೇಕಾದರೂ ಬದಲಾಯಿಸಿಕೊಳ್ಳಬಹುದಾದ ಒಂದು ಜಾಗಕ್ಕೆ ಅಷ್ಟು ದುಡ್ಡು ಸುರಿಯುವಷ್ಟು ದಡ್ಡರೇ ಅವರು? ನಮ್ಮ ಆಯ್ಕೆ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದ್ದಿದ್ದರೆ ಅದನ್ನು ಇನ್ನೊಬ್ಬರು ಮಾರುವುದು, ಮತ್ತೊಬ್ಬರು ಕೊಳ್ಳುವುದು ಹೇಗೆ ಸಾಧ್ಯ?

ಇದರ ತಿರುವುಮುರುವು ಕಥೆಯೂ ಒಂದಿದೆ. 2021ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಫೋನುಗಳಲ್ಲಿ ಒಂದು ಪುಟ್ಟ ಬದಲಾವಣೆ ಮಾಡಿತು. ನಿಮ್ಮನ್ನು ಬೇರೆ ಆ್ಯಪ್‌ಗಳಲ್ಲಿ, ಜಾಲತಾಣಗಳಲ್ಲಿ ಹಿಂಬಾಲಿಸಲು ಈ ಆ್ಯಪ್‌ಗೆ ಅನುಮತಿ ಕೊಡುತ್ತೀರಾ ಎಂದು ಮುಂದೆಯೇ ಕೇಳತೊಡಗಿತು. ಬೇಡ ಎನ್ನುವ ಸೌಲಭ್ಯ ಮೊದಲೂ ಇತ್ತು, ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ. ಅದೇ ಜನ, ಅದೇ ಫೋನು, ಅದೇ ಆ್ಯಪ್‌ಗಳು. ಕೇಳುವ ರೀತಿ ಮಾತ್ರ ಬದಲಾದದ್ದಕ್ಕೆ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದು ಎಂದು ಫೇಸ್‌ಬುಕ್‌ನ ಒಡೆಯ ಸಂಸ್ಥೆ ಮೆಟಾ ಅಂದಾಜಿಸಿತು. ಅಂದರೆ ಅಲ್ಲಿಯವರೆಗೆ ಜನ ಸುಮ್ಮನಿದ್ದುದಕ್ಕೆ ಅಷ್ಟು ಬೆಲೆ ಇತ್ತು. (ಆಪಲ್ ಏನೂ ಪುಣ್ಯಕೋಟಿಯಲ್ಲ. ಜಾಹೀರಾತಿನ ವ್ಯಾಪಾರ ಅದಕ್ಕೂ ಇದೆ. ಎದುರಾಳಿಯ ಬೇಲಿ ಕಿತ್ತರೆ ಯಾರಿಗೆ ಲಾಭ ಎಂಬುದು ಅದಕ್ಕೆ ತಿಳಿಯದ ವಿಷಯವೇನಲ್ಲ.)

ಈಗ ಅಂಗಾಂಗ ದಾನದ ಮಾತಿಗೆ ಬರುತ್ತೇನೆ. ನೀನು ಬೇರೆ ಯಾವುದೋ ಕಾರಣಕ್ಕೆ ಕೇಳಿದ್ದರೂ ಅದೂ ಇದೇ ಕಥೆಯ ಭಾಗ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಯುರೋಪಿನ ಕೆಲವು ದೇಶಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಜರ್ಮನಿಯಲ್ಲಿ ದಾನಕ್ಕೆ ಒಪ್ಪಿದವರು ಶೇಕಡ 12. ಪಕ್ಕದ ಆಸ್ಟ್ರಿಯಾದಲ್ಲಿ ಶೇಕಡ 99.98. ಎರಡೂ ಕಡೆ ಮಾತನಾಡುವ ಭಾಷೆ ಒಂದೇ, ಗಡಿಯ ಆಚೆ ಈಚೆ ಬದುಕುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆಸ್ಟ್ರಿಯಾದವರೆಲ್ಲ ದಧೀಚಿಗಳು, ಜರ್ಮನ್ನರೆಲ್ಲ ಜಿಪುಣರು ಎಂದೇನಲ್ಲ. ಜರ್ಮನಿಯಲ್ಲಿ ಕೊಡುತ್ತೇನೆ ಎನ್ನುವವನು ಹೆಸರು ಬರೆಸಬೇಕಿತ್ತು, ಆಸ್ಟ್ರಿಯಾದಲ್ಲಿ ಕೊಡುವುದಿಲ್ಲ ಎನ್ನುವವನು ಬರೆಸಬೇಕಿತ್ತು. ಎರಡೂ ಕಡೆ ಬಹುಪಾಲು ಜನ ಏನನ್ನೂ ಬರೆಸಲಿಲ್ಲ, ಅಷ್ಟೇ.

ಸಾವಿನಂಥ ವಿಷಯದಲ್ಲೂ, ಧರ್ಮ, ದೇಹ, ಮನೆಯವರ ದುಃಖ ಎಲ್ಲವೂ ಹೆಣೆದುಕೊಂಡಿರುವ ವಿಷಯದಲ್ಲೂ, ನಮ್ಮ ತೀರ್ಮಾನವನ್ನು ಒಂದು ಅರ್ಜಿ ನಮೂನೆಯ ವಿನ್ಯಾಸ ಮಾಡುತ್ತದೆ ಎಂದರೆ ಫೋನಿನ ಆಯ್ಕೆಗಳ ಮಾತೇನು? ಆದರೆ ಇಲ್ಲೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಾಗದದ ಮೇಲಿನ ಒಪ್ಪಿಗೆ ಬೇರೆ, ಒಬ್ಬರ ಮೂತ್ರಪಿಂಡ ಇನ್ನೊಬ್ಬರ ದೇಹದಲ್ಲಿ ಕೆಲಸ ಮಾಡುವುದು ಬೇರೆ. ಅಂಗಾಂಗ ದಾನದಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿರುವ ಸ್ಪೇನ್‌ನಲ್ಲಿ 1979ರಿಂದಲೂ 'ಬೇಡ ಎನ್ನದಿದ್ದರೆ ಒಪ್ಪಿದಂತೆ' ಎಂಬ ಕಾನೂನು ಇದೆ. ಆದರೆ ಅಲ್ಲಿನ ವೈದ್ಯರು ಆ ಕಾನೂನನ್ನು ಮುಂದಿಟ್ಟುಕೊಂಡು ಅಂಗ ತೆಗೆಯುವುದಿಲ್ಲ, ಮನೆಯವರನ್ನು ಕೇಳಿಯೇ ಕೇಳುತ್ತಾರೆ. ಕಾನೂನು ಬಂದು ಹತ್ತು ವರ್ಷದ ನಂತರ, 1989ರಲ್ಲಿ, ಅವರು ರಾಷ್ಟ್ರೀಯ ಕಸಿ ಸಂಸ್ಥೆಯೊಂದನ್ನು ಕಟ್ಟಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ತರಬೇತಾದ ಸಂಯೋಜಕರನ್ನು ನೇಮಿಸಿದರು. ಸಂಖ್ಯೆ ಏರಿದ್ದು ಆಮೇಲೆ. ಸಾವಿನ ಮನೆಯವರ ಎದುರು ಕುಳಿತು ಮಾತಾಡಬಲ್ಲ ಮನುಷ್ಯರು ಬೇಕಾಯಿತು. ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು: ಹೆಸರು ಬರೆಸು, ಆದರೆ ಅಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ಕಾನೂನು ಹೇಗೇ ಇರಲಿ, ಬಹಳಷ್ಟು ಕಡೆ ಆ ಹೊತ್ತಿನಲ್ಲಿ ಕೇಳುವುದು ಮನೆಯವರನ್ನೇ. ನಿನ್ನ ಮನಸ್ಸಿನಲ್ಲಿ ಏನಿದೆ ಎಂಬುದು ನಿನ್ನ ಹೆಂಡತಿಗೂ ಮಗಳಿಗೂ ನಿನ್ನ ಬಾಯಿಂದಲೇ ತಿಳಿದಿರಲಿ.

ಡಿಫಾಲ್ಟ್ ಎಂದರೆ ಮೋಸ ಎಂದು ನಾನು ಹೇಳುತ್ತಿದ್ದೇನೆ ಎಂದು ತಿಳಿಯಬೇಡ. ಎಲ್ಲವನ್ನೂ ನಾನೇ ಕೂತು ತೀರ್ಮಾನಿಸಬೇಕಾಗಿ ಬಂದರೆ ಬೆಳಗಿನ ಹೊತ್ತೇ ಕಳೆದುಹೋದೀತು. ಬ್ರಿಟನ್ನಿನಲ್ಲಿ 2012ರ ಅಕ್ಟೋಬರ್‌ನಿಂದ ಉದ್ಯೋಗಿಗಳನ್ನು ಪಿಂಚಣಿ ಉಳಿತಾಯಕ್ಕೆ ತಾನಾಗಿಯೇ ಸೇರಿಸುವ ವ್ಯವಸ್ಥೆ ಬಂತು. ಬೇಡದವರು ಹೊರಬರಬಹುದು. ಬಹುಪಾಲು ಜನ ಹೊರಬರಲಿಲ್ಲ, ಲಕ್ಷಾಂತರ ಜನ ಹೊಸದಾಗಿ ಉಳಿಸತೊಡಗಿದರು. ಮುಂದಿನ ತಿಂಗಳಿನಿಂದ ಉಳಿಸುತ್ತೇನೆ ಎನ್ನುತ್ತಾ ವರ್ಷಗಳನ್ನೇ ದೂಡುವ ನಮ್ಮಂಥವರಿಗೆ ಇದು ಉಪಕಾರವೇ. ಸೋಮಾರಿತನವನ್ನು ನಮ್ಮ ಪರವಾಗಿಯೂ ದುಡಿಸಬಹುದು, ನಮ್ಮ ವಿರುದ್ಧವೂ ದುಡಿಸಬಹುದು. ನಾನು ಸುಮ್ಮನಿದ್ದರೆ ಲಾಭ ಯಾರಿಗೆ ಎಂಬ ಒಂದು ಪ್ರಶ್ನೆ ಕೇಳಿಕೊಂಡರೆ ಎರಡನ್ನೂ ಬೇರ್ಪಡಿಸುವುದು ಅಂಥ ಕಷ್ಟವಲ್ಲ.

ನಿನಗೆ ನೆನಪಿರಬಹುದು, ನಮ್ಮ ಕಾಲದಲ್ಲಿ ಮಾತು ಮಾತಿಗೂ 'ಮೌನಂ ಸಮ್ಮತಿ ಲಕ್ಷಣಂ' ಎನ್ನುತ್ತಿದ್ದರು. ಅದನ್ನು ಒಂದು ವ್ಯಾಪಾರವನ್ನಾಗಿ ಮಾಡಿದವರು ಈಗಿನವರು. ಕುಕಿಯ ಕಥೆಯನ್ನೇ ನೋಡು. ನಮ್ಮನ್ನು ನೆನಪಿಟ್ಟುಕೊಳ್ಳಲು ಜಾಲತಾಣವೊಂದು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತಿನ ಚೀಟಿ ಅದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮಾಂಟುಲ್ಲಿ ಅದನ್ನು ರೂಪಿಸಿದಾಗ ಉದ್ದೇಶ ಸರಳವಾಗಿತ್ತು. ಗಿರಾಕಿ ಬುಟ್ಟಿಗೆ ಹಾಕಿದ ವಸ್ತು ಪುಟ ಬದಲಾದ ಮೇಲೂ ನೆನಪಿರಬೇಕು, ಅಷ್ಟೇ. ಅದು ಬೆಳೆದು ಬೆಳೆದು ನಾವು ಹೋದಲ್ಲೆಲ್ಲ ಬೆನ್ನು ಹತ್ತುವ ಗೂಢಚಾರನಾಯಿತು. 2018ರ ಮೇ 25ರಂದು ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನು ಜಾರಿಗೆ ಬಂತು. 2019ರ ಅಕ್ಟೋಬರ್ 1ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಜರ್ಮನಿಯ ಆನ್‌ಲೈನ್ ಲಾಟರಿ ಕಂಪನಿಯೊಂದರ ಪ್ರಕರಣದಲ್ಲಿ, ಕುಕಿಗೆ ಒಪ್ಪಿದ್ದೇನೆ ಎಂದು ಕಂಪನಿಯೇ ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಸುಮ್ಮನಿರುವುದು ಸಮ್ಮತಿಯಲ್ಲ ಎಂದು ನ್ಯಾಯಾಲಯವೇ ಹೇಳಬೇಕಾಗಿ ಬಂದದ್ದು ನನಗೆ ಸೋಜಿಗ.

ಗೆದ್ದೆವು ಎನ್ನುವ ಹೊತ್ತಿಗೆ ಕಂಪನಿಗಳು ರಂಗೋಲಿಯ ಕೆಳಗೆ ತೂರಿದವು. ಗುರುತು ತೆಗೆದರು, ಬದಲಿಗೆ ಎರಡು ಗುಂಡಿ ಇಟ್ಟರು. 'ಎಲ್ಲವನ್ನೂ ಒಪ್ಪುತ್ತೇನೆ' ಎಂಬುದು ದೊಡ್ಡದು, ಬಣ್ಣದ್ದು. 'ಆಯ್ಕೆಗಳನ್ನು ನೋಡು' ಎಂಬುದು ಬೂದುಬಣ್ಣದ್ದು, ಒತ್ತಿದರೆ ಮೂರು ಪುಟ ತೆರೆಯುವಂಥದ್ದು. ಇನ್ನು ಷರತ್ತುಗಳನ್ನು ಓದುವ ಮಾತು ಬೇಡವೇ ಬೇಡ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಸಿಯಾ ಮೆಕ್‌ಡೊನಾಲ್ಡ್ ಮತ್ತು ಲಾರಿ ಕ್ರೇನರ್ 2008ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು: ಒಬ್ಬ ಸಾಮಾನ್ಯ ಬಳಕೆದಾರ ತಾನು ಹೋಗುವ ತಾಣಗಳ ಖಾಸಗಿತನದ ನೀತಿಗಳನ್ನೆಲ್ಲ ಓದಲು ಕುಳಿತರೆ ವರ್ಷಕ್ಕೆ 200 ಗಂಟೆಗೂ ಹೆಚ್ಚು ಬೇಕು. ಆಗಿನ್ನೂ ಸ್ಮಾರ್ಟ್‌ಫೋನು ಎಲ್ಲರ ಕೈಗೆ ಬಂದಿರಲಿಲ್ಲ. 'ಮೇಲಿನ ಷರತ್ತುಗಳನ್ನು ಓದಿ ಒಪ್ಪಿದ್ದೇನೆ' ಎಂಬುದಕ್ಕಿಂತ ಹೆಚ್ಚು ಬಾರಿ ಹೇಳಲಾದ ಸುಳ್ಳು ಈ ಕಾಲದಲ್ಲಿ ಇನ್ನೊಂದಿರಲಿಕ್ಕಿಲ್ಲ. ಹರಿಶ್ಚಂದ್ರನ ಕೈಗೆ ಒಂದು ಫೋನು ಕೊಟ್ಟು ನೋಡು, ಐದು ನಿಮಿಷದೊಳಗೆ ಅವನೂ ಹೇಳುತ್ತಾನೆ. ಹೇಳುವವನಿಗೂ ಕೇಳುವವನಿಗೂ ಅದು ಸುಳ್ಳೆಂದು ಗೊತ್ತು. ಆದರೂ ನಾಳೆ ಜಗಳವಾದರೆ ನ್ಯಾಯಾಲಯದಲ್ಲಿ ಅದೇ ಸಾಕ್ಷಿ.

ನೀನು ಹೇಳುವ 'ಬೇಡ ಎಂದರಾಯಿತು' ಎಂಬುದನ್ನು ಪರೀಕ್ಷಿಸಬೇಕೆಂದರೆ ಹೊರಗೆ ಹೋಗುವ ಬಾಗಿಲನ್ನು ನೋಡಬೇಕು. ಈಚೆಗೆ ನಾನೊಂದು ಚಂದಾದಾರಿಕೆ ರದ್ದು ಮಾಡಲು ಹೊರಟೆ. ಸೇರುವಾಗ ಒಂದು ಬೆರಳು ಸಾಕಾಗಿತ್ತು. ಬಿಡುವಾಗ ಯಾಕೆ ಬಿಡುತ್ತೀರಿ ಎಂದು ಕೇಳಿದರು, ರಿಯಾಯಿತಿ ತೋರಿಸಿದರು, ಏನೇನು ಕಳೆದುಕೊಳ್ಳುತ್ತೀರಿ ಎಂದು ಪಟ್ಟಿ ಕೊಟ್ಟರು, ಕೊನೆಗೆ ಕಚೇರಿಯ ಸಮಯದಲ್ಲಿ ಫೋನು ಮಾಡಿ ಎಂದರು. ಸೇರುವುದಕ್ಕೆ ಕಚೇರಿಯ ಸಮಯ ಎಂಬುದೇ ಇರಲಿಲ್ಲ ನೋಡು! ಇದು ನನ್ನೊಬ್ಬನ ಗೋಳಲ್ಲ. ಅಮೆಜಾನ್ ತನ್ನ ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಅವರ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳುತ್ತದೆ, ಬಿಡಲು ಹೊರಟವರನ್ನು ಸತಾಯಿಸುತ್ತದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ ದಾಟಬೇಕಿತ್ತು ಎಂಬುದು ಆಯೋಗದ ಆರೋಪ. ಆ ಪ್ರಕ್ರಿಯೆಗೆ ಕಂಪನಿಯೊಳಗೆ ಇಟ್ಟಿದ್ದ ಹೆಸರು 'ಇಲಿಯಡ್' ಅಂತೆ, ಮುಗಿಯದ ಯುದ್ಧದ ಆ ಗ್ರೀಕ್ ಮಹಾಕಾವ್ಯದ ಹೆಸರು. ನಮ್ಮವರು ಯಾರಾದರೂ ಇದ್ದಿದ್ದರೆ ಚಕ್ರವ್ಯೂಹ ಎಂದಿಡುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಇಂಥ ತಂತ್ರಗಳಿಗೆ ಬ್ರಿಟನ್ನಿನ ವಿನ್ಯಾಸಕ ಹ್ಯಾರಿ ಬ್ರಿಗ್ನಲ್ 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟ. ಭಾರತದಲ್ಲಿ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ ಹದಿಮೂರು ಬಗೆಗಳನ್ನು ಪಟ್ಟಿ ಮಾಡಿದೆ. ಬುಟ್ಟಿಯೊಳಗೆ ಕೇಳದೆಯೇ ವಸ್ತು ಸೇರಿಸುವುದು, ಬೇಡ ಎನ್ನುವವನಿಗೆ ನಾಚಿಕೆಯಾಗುವಂತೆ ಮಾಡುವುದು, ಪದೇ ಪದೇ ಕಾಡುವುದು ಎಲ್ಲವೂ ಅದರಲ್ಲಿವೆ. 'ಬೇಡ, ನನಗೆ ಹಣ ಉಳಿಸುವ ಆಸೆಯಿಲ್ಲ' ಎಂಬಂಥ ಗುಂಡಿ ಒತ್ತಿರುವೆಯಲ್ಲ, ಅದೇ ಆ ನಾಚಿಕೆಯ ಬಗೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂದು ಯುರೋಪಿನ ಕಾನೂನಿನಲ್ಲಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಒಳಬಾಗಿಲಷ್ಟೇ ಅಗಲವಾದ ಹೊರಬಾಗಿಲು ಇದ್ದರೆ ಮಾತ್ರ ನಿನ್ನ ವಾಕ್ಯ ನಿಜ.

'ಕಂಪನಿಗಳ ಮಾತು ಬಿಡು, ರಾಜಕೀಯದಲ್ಲಾದರೂ ಮತ ನಮ್ಮದೇ' ಎಂದು ನೀನು ಹೇಳಬಹುದು. ಅಲ್ಲೂ ಇದೇ. ಮತ ಹಾಕಲು ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಇರುವಂತೆ ನೋಡಿಕೊಳ್ಳುವ ಹೊಣೆ ಯಾರದು? ಜರ್ಮನಿ, ಸ್ವೀಡನ್‌ನಂಥ ದೇಶಗಳಲ್ಲಿ ನಿವಾಸಿಗಳ ದಾಖಲೆಯಿಂದ ಸರ್ಕಾರವೇ ಮತದಾರರ ಪಟ್ಟಿ ತಯಾರಿಸುತ್ತದೆ, ಪ್ರಜೆ ಸುಮ್ಮನಿದ್ದರೂ ಹೆಸರು ಇರುತ್ತದೆ. ಅಮೆರಿಕದ ಬಹಳಷ್ಟು ಭಾಗಗಳಲ್ಲಿ ಪ್ರಜೆಯೇ ಹೋಗಿ ನೋಂದಾಯಿಸಿಕೊಳ್ಳಬೇಕಿತ್ತು. ಒರೆಗಾನ್ ರಾಜ್ಯ 2015ರಲ್ಲಿ ಕಾನೂನು ಮಾಡಿ, ಚಾಲನಾ ಪರವಾನಗಿಗೆಂದು ಬಂದವರ ಹೆಸರನ್ನು ತಾನಾಗಿಯೇ ಪಟ್ಟಿಗೆ ಸೇರಿಸುವ ಪದ್ಧತಿಯನ್ನು ಆ ದೇಶದಲ್ಲಿ ಮೊದಲು ತಂದಿತು. ನೋಡಲು ಇದು ಗುಮಾಸ್ತರ ಕೆಲಸ. ಆದರೆ ಅರ್ಜಿ ಹಾಕದೆ ಬಿಟ್ಟುಹೋಗುವವರು ಯಾರು ಎಂದು ಯೋಚಿಸು: ಆಗಾಗ ಬಾಡಿಗೆ ಮನೆ ಬದಲಾಯಿಸುವವರು, ಹೊಸದಾಗಿ ಹದಿನೆಂಟು ತುಂಬಿದವರು, ದಿನಗೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಲಾಗದವರು. ಹೆಸರು ತೆಗೆಯುವಾಗಲೂ ಅಷ್ಟೇ. ನೀನು ಅರ್ಹ ಎಂದು ನೀನು ತೋರಿಸಬೇಕೋ, ಅರ್ಹನಲ್ಲ ಎಂದು ಅವರು ತೋರಿಸಬೇಕೋ ಎಂಬುದರಲ್ಲಿ ಭಾಷಣಗಳಲ್ಲಿ ಇರುವುದಕ್ಕಿಂತ ಹೆಚ್ಚು ರಾಜಕೀಯವಿದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ನಾನು ಈ ಮಾತನ್ನೇ ಹೇಳುತ್ತೇನೆ.

ಇನ್ನೊಂದು ಹೇಳಿದರೆ ನಗುತ್ತೀಯ. ಆಸ್ಟ್ರೇಲಿಯಾದಲ್ಲಿ 1924ರಿಂದ ರಾಷ್ಟ್ರೀಯ ಚುನಾವಣೆಯಲ್ಲಿ ಮತದಾನ ಕಡ್ಡಾಯ. ಅಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ತಮ್ಮ ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಮನಸ್ಸಿಲ್ಲದೆ ಬಂದ ಕೆಲವರು ಮತಪತ್ರದಲ್ಲಿ ಮೇಲಿನಿಂದ ಕೆಳಕ್ಕೆ 1, 2, 3 ಎಂದು ಅಂಕಿ ಹಾಕಿ ಹೊರಟುಬಿಡುತ್ತಾರೆ. ಅಲ್ಲಿಯವರು ಅದನ್ನು ಕತ್ತೆ ಮತ ಎನ್ನುತ್ತಾರೆ. ಹೆಸರುಗಳು ಅಕ್ಷರದ ಕ್ರಮದಲ್ಲಿ ಬರುತ್ತಿದ್ದ ಕಾಲದಲ್ಲಿ, 1937ರ ಸೆನೆಟ್ ಚುನಾವಣೆಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಲೇಬರ್ ಪಕ್ಷ ನಿಲ್ಲಿಸಿದ ನಾಲ್ವರ ಅಡ್ಡಹೆಸರೂ ಇಂಗ್ಲಿಷಿನ 'ಎ' ಅಕ್ಷರದಿಂದಲೇ ಆರಂಭವಾಗುತ್ತಿತ್ತು. ನಾಲ್ವರೂ ಗೆದ್ದರು. ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬಂದದ್ದು ಆಮೇಲೆ. ಅಷ್ಟೆಲ್ಲ ಪ್ರಣಾಳಿಕೆ, ಭಾಷಣ, ಮೆರವಣಿಗೆಗಳ ನಡುವೆ ವರ್ಣಮಾಲೆಯೂ ಒಬ್ಬ ಕಾರ್ಯಕರ್ತನಂತೆ ದುಡಿಯುತ್ತಿತ್ತು.

ಎಲ್ಲರೂ ಒಂದೇ, ಅದಕ್ಕೇ ನಾನು ಮತ ಹಾಕುವುದಿಲ್ಲ ಎಂದು ಬರೆದಿದ್ದೀಯ. ಹಾಕದೆ ಉಳಿದವನ ಸಿಟ್ಟು ಯಾವ ಎಣಿಕೆಯಲ್ಲೂ ಕಾಣುವುದಿಲ್ಲ. ನಿನ್ನ ಗೈರುಹಾಜರಿ ಮತ್ತು ನಿದ್ದೆಯಿಂದ ಏಳದವನ ಗೈರುಹಾಜರಿ ಎರಡೂ ಪಟ್ಟಿಯಲ್ಲಿ ಒಂದೇ ಖಾಲಿ ಜಾಗ. ಭಾರತದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 'ನೋಟಾ' ಬಂತು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವನೇ ಗೆಲ್ಲುತ್ತಾನೆ. ಹಲ್ಲಿಲ್ಲದ ಹಾವು ಎಂದು ನೀನು ಮೂಗು ಮುರಿಯಬಹುದು. ನನಗೆ ಮಾತ್ರ ಅದು ಇಷ್ಟ. ಸೋಮಾರಿಯನ್ನೂ ಸಿಟ್ಟಾದವನನ್ನೂ ಅದು ಬೇರೆ ಬೇರೆ ಕಡೆ ಬರೆದಿಡುತ್ತದೆ.

ಜಾಲತಾಣ ಬಿಡಬೇಕೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಪುಟ ಮುಗಿಯದಂತೆ ಕೆಳಕ್ಕೆ ಜಾರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಎಂಬಾತ ಆಮೇಲೆ ಅದಕ್ಕಾಗಿ ಸಾರ್ವಜನಿಕವಾಗಿಯೇ ಹಳಹಳಿಸಿದ್ದಾನೆ. ಮೊದಲು ಪುಟದ ಕೊನೆ ಬರುತ್ತಿತ್ತು, ಮುಂದುವರಿಯಬೇಕಾದರೆ ಬೆರಳೊತ್ತಬೇಕಿತ್ತು. ಈಗ ನಿಲ್ಲಿಸಬೇಕಾದರೆ ಮನಸ್ಸು ಗಟ್ಟಿ ಮಾಡಬೇಕು. ನೀನು ಬಿಡುವುದೂ ಬೇಡ, ಶಪಥ ಮಾಡುವುದೂ ಬೇಡ. ಆ್ಯಪ್‌ಗಳ ನೋಟಿಫಿಕೇಶನ್‌ಗಳನ್ನು ಬಂದ್ ಮಾಡು, ತಾನಾಗಿಯೇ ಓಡುವ ವಿಡಿಯೊವನ್ನು ನಿಲ್ಲಿಸು, ಆ್ಯಪ್ ತೆಗೆದು ಬ್ರೌಸರಿನಲ್ಲಿ ನೋಡು. ಶಪಥಕ್ಕಿಂತ ಸ್ವಲ್ಪ ತೊಡಕು ಹೆಚ್ಚು ಕೆಲಸ ಮಾಡುತ್ತದೆ.

ತೊಡಕಿನ ಶಕ್ತಿ ಎಂಥದ್ದು ಎಂಬುದಕ್ಕೆ ವಾಟ್ಸ್‌ಆ್ಯಪ್ಪೇ ಸಾಕ್ಷಿ. ವದಂತಿಗಳನ್ನು ನಂಬಿ ಗುಂಪುಗಳು ಜನರನ್ನು ಕೊಂದ ಘಟನೆಗಳು ನಡೆದ ಮೇಲೆ, 2018ರ ಜುಲೈಯಲ್ಲಿ ಅದು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವಂತೆ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದೇ ಮಿತಿ ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಎಂದಾಯಿತು. ಅಂಥ ಸಂದೇಶಗಳ ಓಡಾಟ ಶೇಕಡ 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿತು. ಯಾರ ಬಾಯಿಯನ್ನೂ ಕಟ್ಟಲಿಲ್ಲ, ಬೆರಳಿಗೆ ಒಂದಿಷ್ಟು ಕೆಲಸ ಹೆಚ್ಚಿಸಿದರು, ಅಷ್ಟೇ. ಒಳ್ಳೆಯದೇ ಆಯಿತು. ಆದರೆ ನನ್ನೊಳಗಿನ ರಾಜಕೀಯದ ಹುಳ ಸುಮ್ಮನಿರುವುದಿಲ್ಲ. ಕೋಟಿ ಕೋಟಿ ಜನ ಪರಸ್ಪರ ಏನು ಹೇಳಿಕೊಳ್ಳಬಹುದು, ಎಷ್ಟು ವೇಗವಾಗಿ ಹೇಳಿಕೊಳ್ಳಬಹುದು ಎಂಬುದನ್ನು ಒಂದು ಕಂಪನಿ ತನ್ನ ಕೋಣೆಯೊಳಗೆ ತೀರ್ಮಾನಿಸಿತು. ಯಾವ ಸಂಸತ್ತಿನಲ್ಲೂ ಅದು ಚರ್ಚೆಗೆ ಬರಲಿಲ್ಲ, ಯಾರೂ ಅದಕ್ಕೆ ಮತ ಹಾಕಲಿಲ್ಲ. ಇವತ್ತು ಒಳ್ಳೆಯದಕ್ಕೆ ತಿರುಗಿಸಿದ ಕೀಲಿಯನ್ನು ನಾಳೆ ಇನ್ನೊಂದಕ್ಕೆ ತಿರುಗಿಸುವುದಿಲ್ಲ ಎಂಬುದಕ್ಕೆ ಏನು ಭರವಸೆ? ನೀನು ಸರ್ಕಾರವನ್ನು ಬೈಯುವುದರಲ್ಲಿ ಸಿದ್ಧಹಸ್ತ, ಸಂತೋಷ. ಆದರೆ ಐದು ವರ್ಷಕ್ಕೊಮ್ಮೆ ಅದನ್ನಾದರೂ ಇಳಿಸಬಹುದು.

ನಿನ್ನ ಮಗಳ ಪ್ರಬಂಧದ ವಿಷಯ. ಗೂಗಲ್ 2015ರಲ್ಲಿ ತನ್ನ ಇಮೇಲ್ ಆ್ಯಪ್ ಒಂದಕ್ಕೆ ತಾನಾಗಿಯೇ ಉತ್ತರ ಸೂಚಿಸುವ ಸೌಲಭ್ಯ ತಂದಾಗ ಒಂದು ತಮಾಷೆಯ ಸಂಗತಿ ಬರೆದುಕೊಂಡಿತ್ತು. ಪರೀಕ್ಷೆಯ ಹಂತದಲ್ಲಿ ಆ ಯಂತ್ರ ಯಾವ ಪತ್ರ ಬಂದರೂ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಉತ್ತರವನ್ನು ಸೂಚಿಸುತ್ತಿತ್ತಂತೆ. ಜನ ಹೆಚ್ಚು ಬಳಸುವ ಮಾತು, ಅಪಾಯವಿಲ್ಲದ ಮಾತು, ಹಾಗಾಗಿ ಅದೇ ಮೇಲೆ ಬರುತ್ತಿತ್ತು. ಅದನ್ನು ಸರಿಪಡಿಸಿದರು. ಆದರೆ ಒಳಗಿನ ಒಲವು ಈಗಿನ ಯಂತ್ರಗಳಲ್ಲೂ ಅದೇ: ಎಲ್ಲರೂ ಹೇಳಬಹುದಾದದ್ದನ್ನು ಮೊದಲು ಮುಂದಿಡುವುದು. ಅವು ತಪ್ಪು ಹೇಳುತ್ತವೆ ಎಂಬುದು ನನ್ನ ಭಯವಲ್ಲ. ತಪ್ಪಾದರೆ ಹಿಡಿಯಬಹುದು. ಸರಿಯಾಗಿಯೇ ಕಾಣುವ, ಯಾರದೂ ಅಲ್ಲದ ಮೊದಲ ಕರಡು ಎದುರಿಗೆ ಬಂದುಬಿಟ್ಟರೆ ಆಮೇಲೆ ನಾವು ಮಾಡುವುದು ಬರವಣಿಗೆಯಲ್ಲ, ಅಲ್ಪಸ್ವಲ್ಪ ತಿದ್ದುಪಡಿ. ನಾನು ಏನು ಯೋಚಿಸುತ್ತೇನೆ ಎಂಬುದೇ ಬರೆಯುವಾಗ ಗೊತ್ತಾಗುವ ಜಾತಿಯವನು ನಾನು, ನೀನೂ ಹಾಗೆಯೇ. ಆ ಹುಡುಗಿ ಮೊದಲ ಕರಡನ್ನು ತಾನೇ ಬರೆಯಲಿ, ಎಷ್ಟೇ ಕೆಟ್ಟದಾಗಿ ಇದ್ದರೂ. ಆಮೇಲೆ ಯಂತ್ರಕ್ಕೆ ತೋರಿಸಿ ಜಗಳವಾಡಲಿ. ಅಂದ ಹಾಗೆ, 2024ರ ಸೆಪ್ಟೆಂಬರ್‌ನಲ್ಲಿ ಲಿಂಕ್ಡ್‌ಇನ್ ತನ್ನ ಬಳಕೆದಾರರ ಬರಹಗಳನ್ನು ಇಂಥ ಯಂತ್ರಗಳ ತರಬೇತಿಗೆ ಬಳಸುವ ಆಯ್ಕೆಯನ್ನು ಹಲವು ದೇಶಗಳಲ್ಲಿ ತಾನೇ 'ಹೌದು' ಎಂದು ಇಟ್ಟುಕೊಂಡಿದ್ದು ಬೆಳಕಿಗೆ ಬಂತು. ಬೇಡದವರು ಹುಡುಕಿಕೊಂಡು ಹೋಗಿ ಅದನ್ನು ಬಂದ್ ಮಾಡಬೇಕಿತ್ತು. ನಿನ್ನ ಖಾತೆಯಲ್ಲಿ ಏನಿದೆ ಎಂದು ನೋಡಿದ್ದೀಯಾ?

ಕೊನೆಯ ಕಥೆ, ಇದನ್ನು ನಿನಗೆಂದೇ ಉಳಿಸಿಟ್ಟಿದ್ದೆ. 2010ರ ಆಚೀಚೆ ಬ್ರೌಸರುಗಳಿಗೆ ಒಂದು ಸೌಲಭ್ಯ ಬಂತು. ಅದನ್ನು ಹೊತ್ತಿಸಿದರೆ 'ನನ್ನನ್ನು ಹಿಂಬಾಲಿಸಬೇಡಿ' ಎಂಬ ಸಂಕೇತ ಪ್ರತಿಯೊಂದು ತಾಣಕ್ಕೂ ಹೋಗುತ್ತಿತ್ತು. ಜಾಹೀರಾತು ಉದ್ಯಮ ಅದನ್ನು ಗೌರವಿಸುವ ಮಾತಾಡಿತ್ತು, ಕೆಲವೇ ಜನ ಅದನ್ನು ಹೊತ್ತಿಸುತ್ತಾರೆ ಎಂಬ ಧೈರ್ಯದಿಂದ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ಅದನ್ನು ಮೊದಲೇ ಹೊತ್ತಿಸಿಟ್ಟು ಕೊಡುವುದಾಗಿ ಹೇಳಿತು. ಉದ್ಯಮ ಸಿಡಿದೆದ್ದಿತು. ಇದು ಬಳಕೆದಾರ ತಾನೇ ಆರಿಸಿಕೊಂಡದ್ದಲ್ಲ, ಮೈಕ್ರೋಸಾಫ್ಟ್ ಆರಿಸಿದ್ದು, ಹಾಗಾಗಿ ಇದನ್ನು ಮಾನ್ಯ ಮಾಡಬೇಕಾಗಿಲ್ಲ ಎಂದಿತು. ಆ ಬ್ರೌಸರಿನಿಂದ ಬರುವ ಸಂಕೇತವನ್ನು ಕಡೆಗಣಿಸುವುದಾಗಿ ಯಾಹೂ ಅದೇ ವರ್ಷ ಪ್ರಕಟಿಸಿತು. 2015ರಲ್ಲಿ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಆ ಸಂಕೇತವನ್ನು ಎಲ್ಲ ತಾಣಗಳಿಗೂ ಒಂದು ಮಾನದಂಡವಾಗಿ ಮಾಡುವ ಕೆಲಸವನ್ನೇ 2019ರಲ್ಲಿ ಮುಚ್ಚಿದರು.

ನೋಡಿದೆಯಾ? ಚೌಕದಲ್ಲಿ ಅವರಿಗೆ ಬೇಕಾದ ಗುರುತು ಇದ್ದಾಗ ನಾನು ಸುಮ್ಮನಿದ್ದರೆ ಅದು ನನ್ನ ಆಯ್ಕೆ. ನನಗೆ ಬೇಕಾದ ಗುರುತು ಇದ್ದಾಗ ಸುಮ್ಮನಿದ್ದರೆ ಅದು ನನ್ನ ಆಯ್ಕೆಯಲ್ಲ! 'ಇದೆಲ್ಲ ನಮ್ಮ ಆಯ್ಕೆ ತಾನೇ' ಎಂದು ಬರೆಯುವ ಮೊದಲು ನೀನು ಅವರನ್ನು ಒಂದು ಮಾತು ಕೇಳಬೇಕಿತ್ತು.

ಒಂದು ಕಡೆ ಮಾತ್ರ ನೀನು ನನ್ನನ್ನು ಸಿಕ್ಕಿಸಿ ಹಾಕಬಹುದು. ಹೆಚ್ಚು ಕೇಳಿದರೆ ಜನ ಬೇಸತ್ತು ಕಣ್ಣುಮುಚ್ಚಿ ಒಪ್ಪುತ್ತಾರೆ, ಕುಕಿಯ ಫಲಕಗಳೇ ಅದಕ್ಕೆ ಉದಾಹರಣೆ. ಕೇಳದಿದ್ದರೆ ಇನ್ನೊಬ್ಬರು ತೀರ್ಮಾನಿಸುತ್ತಾರೆ. ಯಾವುದನ್ನು ಕೇಳಬೇಕು, ಯಾವುದನ್ನು ಕಾನೂನೇ ನೇರವಾಗಿ ಬೇಡ ಎನ್ನಬೇಕು ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? ಖಾಸಗಿತನದ ವಿಷಯದಲ್ಲಿ ಕೇಳುವುದನ್ನೇ ನಿಲ್ಲಿಸಿ ನಿಷೇಧಿಸುವುದೇ ಮೇಲು ಎಂಬ ಕಡೆಗೆ ನಾನು ವಾಲುತ್ತಿದ್ದೇನೆ. ನೀನು ಇದನ್ನು ಸರ್ವಾಧಿಕಾರ ಎನ್ನುತ್ತೀಯ ಎಂದು ಗೊತ್ತು. ಬರೆ, ಜಗಳ ಮುಂದುವರಿಸೋಣ.

ಅದಕ್ಕೂ ಮೊದಲು, ನೀನು ಮನೆ ಬದಲಾಯಿಸಿದ್ದೀಯಲ್ಲ, ಮತದಾರರ ಪಟ್ಟಿಯಲ್ಲಿ ಹೆಸರು ಯಾವ ವಿಳಾಸದಲ್ಲಿದೆ, ಇದೆಯೋ ಇಲ್ಲವೋ ನೋಡಿಕೊ. ಹಾಕುವುದು ಬಿಡುವುದು ಆಮೇಲಿನ ಮಾತು.

ನಿನ್ನ ಹಳೆಯ ಗೆಳೆಯ